ನೆಟ್ಟಗಿದ್ದ ಕೋಲು

"ಕೋಲು ಬಾಗಿದೆ," ಅಂದ ಅಣ್ಣ, ಬಾಗಿಲಲ್ಲೇ ನಿಂತುಕೊಂಡು.

ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದ. ಅಂಗಿಯ ಮೇಲೆ ಬಸ್ ಡಿಪೋದ ಬಿಲ್ಲೆ ಇನ್ನೂ ಇತ್ತು. ಪೂಲ್ ಆಡುವ ಕೋಲು, ಅಂದರೆ ಕ್ಯೂ, ಇಟ್ಟ ಚೀಲವನ್ನು, ಜ್ವರ ಬಂದ ಮಗುವನ್ನು ಡಾಕ್ಟರ ಹತ್ತಿರ ತಂದವನ ಹಾಗೆ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಯಾವಾಗಿಂದ?" ಅಂದೆ.

"ಅದನ್ನ ನನ್ನ ಕೇಳ್ತೀಯಲ್ಲ, ಮಿಸ್ತ್ರಿ ನೀನು. ಬಿಸಿಲಿಗೋ, ತೇವಕ್ಕೋ, ಏನಕ್ಕೋ. ಟಿಪ್ಪಿನ ಹತ್ತಿರ ನೋಡು, ಇಲ್ಲಿ. ಹಾವು ಹೊರಳಿದ ಹಾಗಿದೆ."

ಬಿಲಿಯರ್ಡ್ಸ್ ಥರದ ಪೂಲ್ ಆಟ ಆಡುವ ಹಾಲಿನ ಹಿಂದಿನ ಕೋಣೆ ನನ್ನ ಕೆಲಸದ ಜಾಗ. ನನಗಿಂತ ಮೊದಲು ಅಪ್ಪ ಅಲ್ಲಿ ಕೂರುತ್ತಿದ್ದರು. ಮರ ಕಡೆಯುವ ಒಂದು ಸಣ್ಣ ಲೇತು, ಅಂಟಿನ ಡಬ್ಬಿಗಳು, ಕೋಲಿನ ತುದಿಗೆ ಅಂಟಿಸುವ ಚರ್ಮದ ಟಿಪ್ಪುಗಳ ಪೆಟ್ಟಿಗೆ, ಗೋಡೆಗೆ ಸಾಲಾಗಿ ನಿಲ್ಲಿಸಿದ ಊರವರ ಕ್ಯೂಗಳು. ಯಾರ ಕ್ಯೂ ಯಾವುದು ಎಂದು ಮುಟ್ಟಿ ಹೇಳಬಲ್ಲೆ. ಅಣ್ಣನದಂತೂ ಕತ್ತಲಲ್ಲೂ ಗುರುತಾಗುತ್ತದೆ. ಹಿಡಿಯುವ ಹಿಂಭಾಗ ಬಸ್ಸಿನ ಸ್ಟೇರಿಂಗ್ ಹಾಗೆ ಅವನ ಬೆವರು ಕುಡಿದು ಕಪ್ಪಾಗಿದೆ. ಅದಕ್ಕೆ ತಿರುಪಿ ಸೇರಿಸುವ ಮುಂಭಾಗವನ್ನು ಶಾಫ್ಟ್ ಅನ್ನುತ್ತೇವೆ. ಅದು ಅಪ್ಪ ಕಡೆದುಕೊಟ್ಟ ಮರದ ಶಾಫ್ಟ್.

ಅದನ್ನು ಬಿಚ್ಚಿ, ಹಾಲಿಗೆ ಹೋಗಿ, ಮೇಜಿನ ಹಸಿರು ಬಟ್ಟೆಯ ಮೇಲೆ ಇಟ್ಟು ಅಂಗೈಯಿಂದ ಉರುಳಿಸಿದೆ. ಬಾಗಿದ್ದರೆ ಕುಂಟುತ್ತದೆ. ತುದಿ ಮೇಲೆದ್ದು ಬೀಳುತ್ತದೆ, ಕೆಳಗೆ ಬೆಳಕು ಮಿಣುಕುತ್ತದೆ. ಇದು ಎಣ್ಣೆಯ ಮೇಲೆ ಜಾರಿದ ಹಾಗೆ ಉರುಳಿ ಆ ಕಡೆಯ ಅಂಚಿನ ರಬ್ಬರ್ ಕುಶನ್ನಿಗೆ ಮೆಲ್ಲಗೆ ಒರಗಿಕೊಂಡಿತು.

"ನೆಟ್ಟಗಿದೆ ಅಣ್ಣ."

"ಸರಿಯಾಗಿ ನೋಡು."

ಮತ್ತೆ ಉರುಳಿಸಿದೆ. ಲೇತಿಗೆ ಹಾಕಿ ತಿರುಗಿಸಿದೆ. ನನ್ನ ಕೆಲಸದ ಮೇಲೆ ನನಗೆ ಯಾವತ್ತೂ ಪೂರ್ತಿ ಭರವಸೆ ಇರುವುದಿಲ್ಲ, ಹಾಗಾಗಿ ಪಕ್ಕದ ಮೇಜಿನ ಮೇಲೂ ಉರುಳಿಸಿದೆ. ಕೂದಲೆಳೆಯಷ್ಟೂ ಕುಂಟಲಿಲ್ಲ.

ಅಣ್ಣ ಶಾಫ್ಟನ್ನು ಬಂದೂಕಿನ ಹಾಗೆ ಕೆನ್ನೆಗೆ ಆನಿಸಿ, ಮೇಜಿನ ಮೇಲೆ ತೂಗುತ್ತಿದ್ದ ಟ್ಯೂಬ್ ಲೈಟಿನ ಕಡೆ ಹಿಡಿದು ನೋಡಿದ. "ಏನೋಪ್ಪ. ಈ ಲೈಟ್ ಹಾಕಿದವನು ಯಾರು? ಅದೂ ಸೊಟ್ಟ. ಈ ಹಾಲಿನಲ್ಲಿ ನೆಟ್ಟಗಿರೋದು ಅಂದ್ರೆ ದರ್ಜಿಯ ನಾಲಿಗೆ ಒಂದೇ."

ದರ್ಜಿ ಪಕ್ಕದ ಮೇಜಿನಲ್ಲೇ ಆಡುತ್ತಿದ್ದರು. ಅವರೂ ಅಣ್ಣನೂ ಹರೆಯದಿಂದ ಒಟ್ಟಿಗೆ ಆಡಿ, ಒಟ್ಟಿಗೆ ಜಗಳವಾಡಿ ಬೆಳೆದವರು. "ಕುಣಿಯೋಕೆ ಬಾರದವಳು ನೆಲ ಸೊಟ್ಟ ಅಂದಳಂತೆ" ಎಂದು ಶುರುಮಾಡಿದವರು, ಅಣ್ಣ ಕಣ್ಣು ಬಿಟ್ಟದ್ದು ನೋಡಿ ಅಲ್ಲಿಗೇ ನುಂಗಿಕೊಂಡರು. "ಅಲ್ಲಯ್ಯಾ ಡ್ರೈವರೇ, ಹಳೇ ಕೋಲು, ಹಳೇ ಕೈ. ಒಂದನ್ನಾದರೂ ಬದಲಾಯಿಸು. ಕೈ ಬದಲಾಯಿಸೋಕೆ ಆಗಲ್ಲ, ಕೋಲು ಬದಲಾಯಿಸು."

ನಾನು ನಗಲಿಲ್ಲ. ಆ ತಿಂಗಳೆಲ್ಲ ಅಣ್ಣ ಸುಲಭದ ಹೊಡೆತಗಳನ್ನೇ ತಪ್ಪಿಸುತ್ತಿದ್ದ. ನಾಲ್ಕು ಬೆರಳಿನಷ್ಟು ದೂರದಲ್ಲಿ, ಚೆಂಡು ಬೀಳುವ ತೂತಿನ, ಪಾಕೆಟ್ಟಿನ, ಬಾಯಲ್ಲೇ ಕೂತದ್ದು ಕೂಡ ಬೀಳುತ್ತಿರಲಿಲ್ಲ. ಮನೆಗೆ ಬಂದು ತಟ್ಟೆ ದೂಡುತ್ತಿದ್ದ. ಊರಿನ ಪೂಲ್ ಹಾಲುಗಳ ನಡುವಿನ ಪಂದ್ಯ ಹತ್ತಿರ ಬರುತ್ತಿತ್ತು. ಜೋಡಿ ಆಟದಲ್ಲಿ ಅವನೂ ದರ್ಜಿಯೂ ನಮ್ಮ ಹಾಲಿನ ಪರವಾಗಿ ನಿಲ್ಲುವವರು.

ಅಪ್ಪ ಈ ಕೆಲಸ ಕಲಿಸುವಾಗ ಮೊದಲು ಹೇಳಿದ್ದು ಇಷ್ಟೇ: ಆಟಗಾರ ದೂರು ತಂದರೆ ಅವನ ಕೈ ನೋಡಬೇಡ, ಕೋಲು ನೋಡು. ಕೈಯ ತಪ್ಪು ಹೇಳುವುದು ನಮ್ಮ ಕೆಲಸವಲ್ಲ. ಹೇಳಿದರೆ ಅವನು ಮತ್ತೆ ಬರುವುದಿಲ್ಲ, ಅವನ ಆಟವೂ ಸುಧಾರಿಸುವುದಿಲ್ಲ. ನಾನು ಹಾಗೇ ನಡೆದುಕೊಂಡು ಬಂದವಳು. ಕೋಲನ್ನು ನೋಡಿದೆ. ಬಾಗಿರಲಿಲ್ಲ. ಆದರೆ ಹಳೆಯದಾಗಿತ್ತು, ಟಿಪ್ಪಿನ ಕಡೆಯ ಮೂತಿ ಭಾರವಾಗಿತ್ತು. ಅಷ್ಟು ಸಿಕ್ಕಿದ್ದೇ ನನಗೆ ಸಾಕಾಯಿತು.

"ಲೋ ಡಿಫ್ಲೆಕ್ಷನ್ ಶಾಫ್ಟ್ ಹಾಕೋಣ," ಅಂದೆ.

"ಅದೇನದು, ಔಷಧಿ ಹೆಸರಿನ ಹಾಗಿದೆ?"

ಬಿಳಿ ಚೆಂಡಿನ ಸರಿ ನಡುವೆ ಹೊಡೆದರೆ ಅದು ನೇರ ಹೋಗುತ್ತದೆ, ಕೋಲು ಯಾವುದೇ ಇರಲಿ. ಸುತ್ತು ಕೊಡಬೇಕೆಂದು ಎಡಭಾಗಕ್ಕೆ ಹೊಡೆದರೆ, ಚೆಂಡು ಸುತ್ತುವುದರ ಜೊತೆಗೆ ಗುರಿ ಬಿಟ್ಟು ತುಸು ಬಲಕ್ಕೆ ಜಾರುತ್ತದೆ. ಬಲಕ್ಕೆ ಹೊಡೆದರೆ ಎಡಕ್ಕೆ. ಶಾಫ್ಟಿನ ಮೂತಿ ಭಾರವಾದಷ್ಟೂ ಜಾರುವುದು ಹೆಚ್ಚು. ಆ ಜಾರುವಿಕೆಯನ್ನು ಕಡಿಮೆ ಮಾಡಲೆಂದೇ ಮೂತಿಯನ್ನು ಹಗುರ ಮಾಡಿದ ಶಾಫ್ಟುಗಳಿವೆ. ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡು, "ಅಂದ್ರೆ ಖಾಲಿ ಬಸ್ಸಿಗೂ ತುಂಬಿದ ಬಸ್ಸಿಗೂ ತಿರುವಿನಲ್ಲಿ ಇರೋ ವ್ಯತ್ಯಾಸ," ಅಂದ. ಅಷ್ಟು ಚೆನ್ನಾಗಿ ನಾನೂ ಹೇಳಿರಲಿಲ್ಲ.

ಆರಿಸುವುದಕ್ಕೆ ಮೂರು ಶಾಫ್ಟು ತರಿಸಿದೆ. ಒಂದು, ಮೂತಿಯೊಳಗೆ ಟೊಳ್ಳು ಕೊರೆದ ಮರದ್ದು. ಇನ್ನೊಂದು, ಸೀಳು ಸೀಳಾದ ಮರವನ್ನು ಸುತ್ತಲೂ ಅಂಟಿಸಿ ಮಾಡಿದ್ದು. ಮೂರನೆಯದು ಕಾರ್ಬನ್ನಿನದು, ಕಪ್ಪಗೆ, ಛತ್ರಿಯ ಕಡ್ಡಿಯ ಹಾಗೆ ನುಣ್ಣಗೆ. ಮೂರೂ ಅಣ್ಣನ ಹಿಡಿಯ ತಿರುಪಿಗೆ ಕೂರುವಂತೆ ನೋಡಿಕೊಂಡೆ. ಸೇರುವ ಜಾಗದಲ್ಲಿ ಉಗುರಿಗೆ ಅಂಚು ಸಿಗದ ಹಾಗೆ ತೀಡಿದೆ.

ಹಾಲು ತೆರೆಯುವ ಮುಂಚೆ, ಅದರ ಯಜಮಾನರು ನೆಲ ಗುಡಿಸುತ್ತಿರುವಾಗ, ಪರೀಕ್ಷೆ ಇಟ್ಟುಕೊಂಡೆವು. ದೂರದ ಕುಶನ್ನಿನ ಮೇಲೆ ಕಾಗದದ ಪಟ್ಟಿ ಅಂಟಿಸಿ, ನಡುವೆ ಒಂದು ಗೆರೆ ಎಳೆದೆ. ಈ ತುದಿಯಲ್ಲಿ ಬಿಳಿ ಚೆಂಡು. ಹೊಡೆದ ಚೆಂಡು ಪಟ್ಟಿಗೆ ಎಲ್ಲಿ ತಾಕುತ್ತದೋ ಅಲ್ಲಿ ನಾನು ಪೆನ್ಸಿಲಿನಿಂದ ಗುರುತು ಹಾಕುವುದು.

"ಮೊದಲು ನಿನ್ನ ಹಳೇದರಲ್ಲಿ. ಸೈಡ್ ಹಾಕಿ ಸುತ್ತು ಕೊಡೋದು ಬೇಡ. ಸುಮ್ಮನೆ ನಡುವೆ ಹೊಡಿ."

ಹೊಡೆದ. ಚೆಂಡು ಗೆರೆಗಿಂತ ಬಲಕ್ಕೆ ತಾಕಿತು. ಇನ್ನೊಮ್ಮೆ ಹೊಡೆಸಿದೆ. ಮತ್ತೆ ಬಲಕ್ಕೆ, ಅದೇ ಜಾಗದಲ್ಲಿ.

ನಡುವೆ ಹೊಡೆದ ಚೆಂಡು ಪಕ್ಕಕ್ಕೆ ಹೋಗಬಾರದು. ಅದು ನನಗೆ ಗೊತ್ತಿತ್ತು, ಮೊನ್ನೆ ನಾನೇ ಅವನಿಗೆ ಹೇಳಿದ್ದೆ. ಆದರೂ ನನಗೆ ಹೊಳೆದದ್ದು, ನಾನು ಗೆರೆಯನ್ನೇ ತಪ್ಪು ಎಳೆದಿರಬೇಕು ಎಂದು. ಪಟ್ಟಿ ಕಿತ್ತು ಮತ್ತೆ ಅಂಟಿಸಿದೆ, ದಾರ ಎಳೆದು ಅಳೆದೆ. ನಾನೇ ಅದೇ ಶಾಫ್ಟಿನಿಂದ ಹೊಡೆದು ನೋಡಿದೆ. ಗೆರೆಗೇ ತಾಕಿತು. ಅಣ್ಣ ಹೊಡೆದ. ಬಲಕ್ಕೆ.

"ನಿನ್ನ ಕೈಯಲ್ಲಿ ಬಲ ಇಲ್ಲ, ಅದಕ್ಕೇ ನಿನಗೆ ಸಾಚಾ ಥರ ನಡ್ಕೊಳ್ಳುತ್ತೆ," ಅಂದ ಅಣ್ಣ. "ನನ್ನ ಹೊಡೆತಕ್ಕೆ ಮರ ತಿಣುಕುತ್ತೆ."

ಇರಬಹುದು ಅನ್ನಿಸಿತು. ಅಣ್ಣನ ಮಾತು ತಪ್ಪು, ನನ್ನ ಗೆರೆ ಸರಿ ಎಂದು ನಂಬುವ ಅಭ್ಯಾಸ ನನಗೆ ಇರಲಿಲ್ಲ.

ಟೊಳ್ಳು ಮರದ್ದು ಹಾಕಿದೆ. ಗುರುತು ಗೆರೆಯ ಹತ್ತಿರ ಬಂತು. ಸೀಳಿನದು ಇನ್ನೂ ಹತ್ತಿರ. ಕಾರ್ಬನ್ನಿನಲ್ಲಿ ಹೊಡೆದಾಗ ಚೆಂಡು ಗೆರೆಯನ್ನು ಮುಟ್ಟಿಯೇಬಿಟ್ಟಿತು.

"ಇದರ ಸದ್ದು ಚೆನ್ನಾಗಿಲ್ಲ," ಅಂದ ಅಣ್ಣ. "ಪ್ಲಾಸ್ಟಿಕ್ ಬಕೆಟ್ ತಟ್ಟಿದ ಹಾಗಿದೆ." ಹಾಗನ್ನುತ್ತಲೇ ಮತ್ತೊಂದು ಹೊಡೆದ, ಮತ್ತೊಂದು. ಬೀಳದಿದ್ದ ಚೆಂಡುಗಳು ಬೀಳತೊಡಗಿದವು. ಕೋಲನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದ. "ಇದು ಬಾಗಿಲ್ಲ ನೋಡು. ಕಪ್ಪಿದೆಯಲ್ಲ, ಬಾಗಿದ್ರೂ ಕಾಣಲ್ಲ." ತನ್ನ ಜೋಕಿಗೆ ತಾನೇ ನಕ್ಕ. ಎಷ್ಟೋ ದಿನದ ಮೇಲೆ ಅವನು ನಕ್ಕದ್ದು ನೋಡಿ ಯಜಮಾನರೂ ಪೊರಕೆ ನಿಲ್ಲಿಸಿ ನಕ್ಕರು.

ಅದನ್ನೇ ಕೂರಿಸಿಕೊಟ್ಟೆ. ಒಂದು ಎಚ್ಚರಿಕೆಯನ್ನೂ ಹೇಳಿದೆ: "ಹಳೇ ಶಾಫ್ಟು ಜಾರುತ್ತೆ ಅಂತ ಸೈಡ್ ಹಾಕುವಾಗ ನಿನ್ನ ಕೈ ತಾನಾಗಿಯೇ ಗುರಿ ಬದಲಿಸಿಕೊಳ್ಳುತ್ತಿತ್ತು. ಇದಕ್ಕೆ ಅದು ಬೇಡ. ಮೊದಮೊದಲು ಎಲ್ಲ ತಪ್ಪುತ್ತೆ, ಬೇಜಾರು ಮಾಡ್ಕೋಬೇಡ."

"ಸೈಡೇ ಬೇಡ ಬಿಡು. ನೇರ ಹೊಡೀತೀನಿ, ನೇರ ಬೀಳುತ್ತೆ."

ಏನೂ ತಪ್ಪಲಿಲ್ಲ. ಮೊದಲ ದಿನದಿಂದಲೇ ಚೆಂಡುಗಳು ಪಾಕೆಟ್ಟಿಗೆ ಬಿದ್ದವು. ಅಣ್ಣ ದರ್ಜಿಯನ್ನು ಸೋಲಿಸಿದ, ಮತ್ತೆ ಸೋಲಿಸಿದ. "ಏನ್ರೀ ಮಿಸ್ತ್ರಮ್ಮ," ದರ್ಜಿ ನನ್ನ ಕೋಣೆಗೆ ಇಣುಕಿ ಕೇಳಿದರು, "ಕೋಲಿಗೆ ಏನಾದರೂ ಮಂತ್ರ ಹಾಕಿದ್ದೀರಾ? ನನಗೂ ಒಂದು ಹಾಕಿಕೊಡಿ. ಬೇಕಿದ್ದರೆ ನಿಮಗೆ ಜೀವಮಾನ ಪೂರ್ತಿ ರವಿಕೆ ಹೊಲೀತೀನಿ."

ನಾನು ಹಿಗ್ಗಬೇಕಿತ್ತು. ಹಿಗ್ಗಿದೆ ಕೂಡ, ಸ್ವಲ್ಪ. ಆದರೆ ಬಾಗಿಲ ಸಂದಿಯಿಂದ ಆಟ ನೋಡುತ್ತಿದ್ದಾಗ ಒಂದು ಸಂಗತಿ ಕಾಲಿಗೆ ಚುಚ್ಚಿದ ಸಣ್ಣ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅಣ್ಣನ ಗುರಿಯ ಚೆಂಡು ಬೀಳುತ್ತಿತ್ತು, ಸರಿ. ಬಿಳಿ ಚೆಂಡು ಮಾತ್ರ ಮುಂದೆ ಹೋಗಿ ಕುಶನ್ನಿಗೆ ತಾಕಿ, ಸುತ್ತು ತಿಂದ ಚೆಂಡಿನ ಹಾಗೆ ಓರೆಯಾಗಿ ತಿರುಗಿ, ಕೇಳದ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು.

"ಅಣ್ಣ, ಆ ಹೊಡೆತಕ್ಕೆ ಎಡ ಸೈಡ್ ಹಾಕಿದ್ದೆಯಾ?"

"ಸೈಡೇ ಹಾಕ್ತಿಲ್ಲ ಅಂದೆನಲ್ಲ. ನೇರ, ನಡುವೆ."

ನಡುವೆ ಹೊಡೆದ ಚೆಂಡು ಹಾಗೆ ತಿರುಗುವುದಿಲ್ಲ. ಕುಶನ್ನಿನ ರಬ್ಬರು ಹಳೆಯದಾಗಿರಬೇಕು ಅಂದುಕೊಂಡೆ. ಯಜಮಾನರಿಗೆ ಹೇಳಿ ರಬ್ಬರು ಒತ್ತಿ ನೋಡಿದೆ. ಚೆನ್ನಾಗಿಯೇ ಇತ್ತು.

ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ ನನ್ನ ವಾಸ. ಊಟ ಕೆಳಗೆ, ಅವರ ಜೊತೆ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ಒರೆಸುತ್ತಾ ಖುಷಿಯಾಗಿ ಮಾತಾಡುತ್ತಿದ್ದರು.

"ಅದೇನು ಕೊಟ್ಟೆಯೋ ಮಾರಾಯ್ತಿ, ಮನೇಲಿ ಸಿಡುಕೋದೇ ನಿಂತಿದೆ. ನಿನ್ನೆ ಪಲ್ಯಕ್ಕೆ ಉಪ್ಪು ಮರೆತಿದ್ದೆ, ಅದನ್ನೂ ಸುಮ್ಮನೆ ತಿಂದ್ರು. ಹೋದ ತಿಂಗಳು ಆಗಿದ್ರೆ ತಟ್ಟೆ ಹಾರ್ತಿತ್ತು."

"ನಾನೇನು ಕೊಟ್ಟೆ ಅತ್ತಿಗೆ, ಒಂದು ಕೋಲು."

"ಆ ಕೋಲಿಗೇ ಕೈ ಮುಗೀತೀನಿ. ಇಲ್ಲದಿದ್ರೆ ಮೊನ್ನೆ ಕನ್ನಡಿ ಒಡೆದಾಗ ಡಿಪೋದಲ್ಲಿ ಎಷ್ಟು ಕೂಗಾಡ್ತಿದ್ರೋ."

"ಯಾವ ಕನ್ನಡಿ?"

"ಬಸ್ಸಿಂದು. ನಿನಗೆ ಹೇಳ್ಲಿಲ್ವಾ? ಡಿಪೋ ಗೇಟಿನ ಹತ್ತಿರ ಕಂಬ ಬಾಗಿದೆಯಂತೆ, ಕಬ್ಬಿಣದ್ದು. ಬಸ್ ಹೊರಗೆ ತರುವಾಗ ಪಕ್ಕದ ಕನ್ನಡಿ ಅದಕ್ಕೆ ತಗುಲಿ ಚೂರು ಚೂರು. ಬಾಗಿದ ಕಂಬ ಸರಿ ಮಾಡೋದು ಬಿಟ್ಟು ನನ್ನನ್ನ ಕೇಳ್ತಾರೆ ಅಂತ ಇವರು."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಬಾಗಿದ ಕೋಲು. ಸೊಟ್ಟ ಟ್ಯೂಬ್ ಲೈಟು. ಬಾಗಿದ ಕಂಬ.

"ಯಾಕೆ, ಮುಖ ಹಾಗೆ ಮಾಡ್ಕೊಂಡೆ?"

"ಏನಿಲ್ಲ ಅತ್ತಿಗೆ. ಲೇತು ಆಫ್ ಮಾಡಿದ್ದೀನೋ ಇಲ್ಲವೋ ಅಂತ."

ಹಾಲಿಗೆ ಹೋದೆ. ಏಣಿ ಹಾಕಿ ಹತ್ತಿ, ಟ್ಯೂಬ್ ಲೈಟಿನ ಪಟ್ಟಿಯ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಿತು. ಇಳಿದು, ಒಂದು ದಾರಕ್ಕೆ ಹಿತ್ತಾಳೆಯ ನಟ್ಟು ಕಟ್ಟಿ ಜೇಬಿಗೆ ಹಾಕಿಕೊಂಡು ಡಿಪೋದ ಕಡೆ ನಡೆದೆ. ಗೇಟಿನ ಕಂಬದ ಪಕ್ಕ ನಿಂತು ದಾರ ಇಳಿಬಿಟ್ಟೆ. ನಟ್ಟು ತೂಗಿ ತೂಗಿ ನಿಂತಿತು. ದಾರಕ್ಕೂ ಕಂಬಕ್ಕೂ ಮೇಲೆ ಎಷ್ಟು ಅಂತರವೋ ಕೆಳಗೂ ಅಷ್ಟೇ. ಕಂಬದ ಬಣ್ಣ ಕೆತ್ತಿಹೋದ ಜಾಗ ನನ್ನ ತಲೆಗಿಂತ ಎತ್ತರದಲ್ಲಿತ್ತು. ಕನ್ನಡಿಯ ಎತ್ತರ.

"ಏನಮ್ಮಾ, ಕಂಬಕ್ಕೆ ಗಾಳ ಹಾಕ್ತಿದ್ದೀಯಾ?" ಗೇಟಿನ ಕಾವಲುಗಾರ ಕೇಳಿದ.

"ಬಾಗಿದೆ ಅಂತ ಯಾರೋ ಹೇಳಿದ್ರು."

"ಬಸ್ ಗುದ್ದಿದ್ರೂ ಬಾಗದ ಕಂಬ ಅದು," ಅಂದು ನಕ್ಕ.

ಮನೆಗೆ ಬಂದು ಮಹಡಿ ಕೋಣೆಯಲ್ಲಿ ಕೂತೆ. ನಾನು ಡಾಕ್ಟರಲ್ಲ. ನನಗೆ ತಿಳಿದದ್ದು ಮರ, ಚರ್ಮ, ಅಂಟು. ಎಲ್ಲವೂ ಕಾಕತಾಳೀಯ ಇರಬಹುದು. ಆದರೆ ನನ್ನ ಕಾಗದದ ಪಟ್ಟಿ ಮತ್ತೆ ಮತ್ತೆ ಕಣ್ಣಮುಂದೆ ಬಂತು. ಅಣ್ಣ ನಡುವೆ ಎಂದುಕೊಂಡು ಎಡಕ್ಕೆ ಹೊಡೆಯುತ್ತಿದ್ದ. ಹಳೆಯ ಶಾಫ್ಟು ಆ ತಪ್ಪನ್ನು ಹಾಗೇ ಎತ್ತಿ ತೋರಿಸುತ್ತಿತ್ತು. ಚೆಂಡನ್ನು ಬಲಕ್ಕೆ ಜಾರಿಸಿ, ಪಾಕೆಟ್ ತಪ್ಪಿಸಿ, ಏನೋ ಸರಿಯಿಲ್ಲ ಎಂದು ಕೂಗುತ್ತಿತ್ತು. ನಾನು ಹುಡುಕಿ ಹುಡುಕಿ, ಮೂರರಲ್ಲಿ ಒಂದನ್ನು ಆರಿಸಿ, ಆ ಕೂಗಿಗೆ ಬಟ್ಟೆ ತುರುಕಿದ್ದೆ. ಹೊಸ ಶಾಫ್ಟು ಒಳ್ಳೆಯದಿತ್ತು. ಅದು ತಪ್ಪನ್ನು ಕ್ಷಮಿಸುತ್ತಿತ್ತು. ಅಣ್ಣನೂ ಅದನ್ನು ನಂಬಿ, ತನ್ನ ಕಣ್ಣು ಸರಿಯಿದೆ ಎಂದುಕೊಂಡು, ದಿನಾ ಜನ ತುಂಬಿದ ಬಸ್ಸನ್ನು ರಸ್ತೆಗೆ ಇಳಿಸುತ್ತಿದ್ದ.

ಅತ್ತಿಗೆಗೆ ಹೇಳಲೇ? ಹೇಳಿದರೆ ಮನೆ ತುಂಬ ಅಳು. ಡಿಪೋಗೆ ಹೇಳಲೇ? ಅದು ಬೆನ್ನಿಗೆ ಚೂರಿ. ಸುಮ್ಮನಿರಲೇ? ಹೊರಗೆ ಬಸ್ಸೊಂದು ಬ್ರೇಕ್ ಹಾಕಿದ ಸದ್ದಿಗೆ ನಾನು ಎದ್ದು ಕಿಟಕಿಗೆ ಹೋಗಿದ್ದೆ. ಅವನ ಬಸ್ಸಾಗಿರಲಿಲ್ಲ.

ಮರುದಿನ ಅಣ್ಣನಿಗೆ ಮಧ್ಯಾಹ್ನದ ಪಾಳಿ. ಬೆಳಗ್ಗೆಯೇ ಹಾಲಿಗೆ ಕರೆದೆ, ಟಿಪ್ಪು ನೋಡಬೇಕು ಅಂತ ನೆಪ ಹೇಳಿ. ಯಜಮಾನರು ಬೀಗ ತೆಗೆದುಕೊಟ್ಟು ಮಾರುಕಟ್ಟೆಗೆ ಹೋದರು. ನಾವಿಬ್ಬರೇ.

ಹಳದಿ ಪಟ್ಟೆಯ ಚೆಂಡೊಂದನ್ನು ಬಿಳಿ ಚೆಂಡಿನ ಜಾಗದಲ್ಲಿ ಇಟ್ಟೆ, ಪಟ್ಟೆ ನೆಟ್ಟಗೆ ನಿಲ್ಲುವ ಹಾಗೆ. ಹೊಸಬರಿಗೆ ಹೊಡೆತ ಕಲಿಸುವಾಗ ಅಪ್ಪ ಹೀಗೇ ಮಾಡುತ್ತಿದ್ದರು. ಕೋಲಿನ ತುದಿಗೆ ನೀಲಿ ಚಾಕ್ ದಪ್ಪಗೆ ಹಚ್ಚಿದರೆ, ಚೆಂಡಿನ ಮೇಲೆ ಎಲ್ಲಿ ತಾಕಿತೋ ಅಲ್ಲಿ ಚುಕ್ಕೆ ಬೀಳುತ್ತದೆ. ಆಮೇಲೆ ಚೆಂಡು ಎಲ್ಲಿ ಉರುಳಿದರೂ ಪಟ್ಟೆಯ ಲೆಕ್ಕದಲ್ಲಿ ಚುಕ್ಕೆ ಎಲ್ಲಿದೆ ಎಂದು ನೋಡಬಹುದು.

"ಇದೇನು, ಮತ್ತೆ ಒಂದನೇ ಕ್ಲಾಸಿಗೆ ಸೇರಿಸ್ತಿದ್ದೀಯಾ?" ಅಂದ ಅಣ್ಣ. ಬಗ್ಗಿದ. ಅಲ್ಲೇ ನಿಂತ. "ಪಟ್ಟೆ ಸೊಟ್ಟ ಇಟ್ಟಿದ್ದೀಯ. ಸ್ವಲ್ಪ ತಿರುಗಿಸು."

ತಿರುಗಿಸಲಿಲ್ಲ; ತಿರುಗಿಸಿದ ಹಾಗೆ ಮುಟ್ಟಿದೆ ಅಷ್ಟೆ. "ಈಗ?"

"ಇನ್ನೂ ಸೊಟ್ಟ."

"ಯಾವ ಕಡೆಗೆ ಸೊಟ್ಟ ಅಣ್ಣ?"

"ಯಾವ ಕಡೆಗೂ ಅಲ್ಲ. ನಡುವೆ ಮಾತ್ರ. ಯಾರೋ ಹೊಟ್ಟೆಗೆ ಗುದ್ದಿದ ಹಾಗೆ ಒಳಗೆ ಹೋಗಿದೆ. ಇಂಥ ಚೆಂಡೂ ಮಾಡ್ತಾರಾ?"

"ಇರಲಿ. ಪಟ್ಟೆಯ ಸರಿ ನಡುವೆ ಹೊಡಿ."

ಹೊಡೆದ. ಚೆಂಡನ್ನು ತಂದು ಅವನ ಅಂಗೈಯಲ್ಲಿ ಇಟ್ಟೆ. ನೀಲಿ ಚುಕ್ಕೆ ಪಟ್ಟೆಯ ಎಡ ಅಂಚಿಗೆ ಹತ್ತಿಕೊಂಡಿತ್ತು.

"ಚೆಂಡು ಉರುಳುವಾಗ ಚಾಕ್ ಸರಿದಿದೆ."

"ಚಾಕ್ ಸರಿಯಲ್ಲ ಅಣ್ಣ. ನಿನಗೆ ಗೊತ್ತು."

ಶಾಫ್ಟು ಬಿಚ್ಚಿ ಹಳೆಯದನ್ನು ತಿರುಪಿದೆ. ಚೆಂಡು ಒರೆಸಿ ಇಟ್ಟೆ. ಅವನು ಹೊಡೆದ. ಚುಕ್ಕೆ ಅದೇ ಅಂಚಿನಲ್ಲಿ. ಅವನೇ ಚೆಂಡು ಒರೆಸಿ, ಅವನೇ ಇಟ್ಟುಕೊಂಡು, ಹಲ್ಲು ಕಚ್ಚಿ ಮತ್ತೊಂದು ಹೊಡೆದ. ಅದೇ ಅಂಚು.

"ಡಿಪೋ ಗೇಟಿನ ಕಂಬಕ್ಕೆ ದಾರ ಬಿಟ್ಟು ನೋಡಿದೆ ಅಣ್ಣ. ಅದು ಬಾಗಿಲ್ಲ. ಈ ಲೈಟೂ ಸೊಟ್ಟ ಇಲ್ಲ."

ಅವನು ಕೋಲನ್ನು ಮೇಜಿನ ಮೇಲೆ ಎಸೆದ. ಅಪ್ಪ ಕಡೆದ ಶಾಫ್ಟು ಕುಶನ್ನಿಗೆ ಬಡಿದು ಸದ್ದಾಯಿತು.

"ಅಂದ್ರೆ ಪೊಲೀಸ್ ಕೆಲಸ ಬೇರೆ ಶುರು ಮಾಡಿದ್ದೀಯ. ಗೇಟಿನವನ ಮುಂದೆ ದಾರ ಹಿಡ್ಕೊಂಡು ನಿಂತಿದ್ದೆಯಾ? ಏನಂದೆ ಅವನಿಗೆ?"

"ನಿನ್ನ ಹೆಸರು ಎತ್ತಲಿಲ್ಲ."

"ಈ ಮಾತು ಅಲ್ಲಿ ಒಬ್ಬನ ಕಿವಿಗೆ ಬಿದ್ರೆ ಸಾಕು, ಸ್ಟೇರಿಂಗ್ ಹೋಯ್ತು. ಆಮೇಲೆ ಮನೆ ಹೇಗೆ ನಡೆಯುತ್ತೆ? ನೀನು ಟಿಪ್ಪು ಅಂಟಿಸಿ ನಡೆಸ್ತೀಯಾ? ಕೋಲು ಕೇಳಿದ್ರೆ ಕೋಲು ಕೊಡಬೇಕು. ಅಷ್ಟೇ ನಿನ್ನ ಕೆಲಸ. ಅಪ್ಪ ಯಾರಿಗಾದರೂ ಹೀಗೆ ಹೇಳಿದ್ರಾ?"

"ಇಲ್ಲ. ಆದರೆ ಅಪ್ಪನ ಹತ್ತಿರ ಬಂದವರು ಚೆಂಡು ತಪ್ಪಿಸಿದರೆ ಒಂದು ಆಟ ಸೋಲುತ್ತಿದ್ದರು, ಅಷ್ಟೇ." ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುವುದಿಲ್ಲ ಎಂದು ಮುಂದುವರಿಸಿದೆ. "ಬಾಗಿದೆ ಅಂತ ನೀನು ತಂದೆ. ಬಾಗಿಲ್ಲ ಅಂತ ನಾನು ಕಂಡೆ. ಅಲ್ಲೇ ಕೂತು ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಒಂದು ಕಣ್ಣು ಮುಚ್ಚಿ ನೋಡು ಅಣ್ಣ. ಅಷ್ಟು ಮಾಡು. ತಪ್ಪಿದ್ದರೆ ನಾನು ಈ ಮಾತು ಮತ್ತೆ ಎತ್ತಲ್ಲ."

ನನ್ನ ಬಾಯಿ ಮುಚ್ಚಿಸಲೆಂದೇ ಅನ್ನುವ ಹಾಗೆ, ಅವನು ಅಂಗೈಯನ್ನು ಬಲಗಣ್ಣಿನ ಮೇಲೆ ಒತ್ತಿಕೊಂಡು ಚೆಂಡನ್ನು ಎದುರಿಗೆ ಹಿಡಿದ.

"ನೆಟ್ಟಗಿದೆ. ನೋಡಿದೆಯಾ? ನೆಟ್ಟಗಿದೆ ಪಟ್ಟೆ."

"ಈಗ ಇನ್ನೊಂದು."

ಅಂಗೈ ಎಡಗಣ್ಣಿಗೆ ಬದಲಾಯಿತು. ಚೆಂಡನ್ನು ಹತ್ತಿರ ತಂದ, ದೂರ ಹಿಡಿದ. ಹೆಬ್ಬೆರಳಿನಿಂದ ಪಟ್ಟೆಯನ್ನು ಒರೆಸಿದ, ಅದರ ಮೇಲೆ ಏನೋ ಕೂತಿದೆ ಎನ್ನುವ ಹಾಗೆ. ಮತ್ತೆ ಒರೆಸಿದ. ತಲೆಯೆತ್ತಿ ನನ್ನನ್ನು ನೋಡಿದ, ಅಂಗೈ ಇನ್ನೂ ಎಡಗಣ್ಣಿನ ಮೇಲೇ.

"ನಿನ್ನ ಮೂಗು ಇಲ್ಲ," ಅಂದ.

ಅದು ಜೋಕಿನ ಮಾತಾಗಿತ್ತು. ಚಿಕ್ಕವಳಿದ್ದಾಗ ಮೂಗು ಕಿತ್ತುಕೊಂಡ ಹಾಗೆ ಮಾಡಿ ನನ್ನನ್ನು ಅಳಿಸುತ್ತಿದ್ದ. ಆದರೆ ಅವನ ತುಟಿ ನಗಲಿಲ್ಲ, ನನಗೂ ನಗು ಬರಲಿಲ್ಲ. ಅವನು ಮೇಜಿನ ಅಂಚಿಗೆ ಕೂತ. ಅಲ್ಲಿ ಕೂರಬಾರದು ಎಂದು ಯಾರೇ ಕೂತರೂ ಬೈಯುವವನು ಅವನೇ.

"ಎರಡೂ ಕಣ್ಣು ಬಿಟ್ಟರೆ ಅಷ್ಟು ಗೊತ್ತಾಗಲ್ಲ," ಅಂದ. "ಗುರಿ ಹಿಡಿಯೋದು ಬಲಗಣ್ಣಿನಲ್ಲಿ. ಅದಕ್ಕೇ ಇರಬೇಕು." ಆಮೇಲೆ, "ಇವತ್ತೊಂದು ಪಾಳಿ ಓಡಿಸಿ ಬರ್ತೀನಿ. ನಾಳೆ ರಜೆ ಹಾಕಿ ಡಾಕ್ಟರಿಗೆ ತೋರಿಸ್ತೀನಿ. ಒಂದು ದಿನಕ್ಕೆ ಏನಾಗುತ್ತೆ?"

ಒಂದು ದಿನಕ್ಕೆ ಏನೂ ಆಗದೆಯೂ ಇರಬಹುದಿತ್ತು. ಇಷ್ಟು ದಿನ ಆಗಿರಲಿಲ್ಲವಲ್ಲ. ನಾಳೆ ಎಂದರೆ ನಾಳೆಯೇ ಹೋಗುವವನು ಅವನು, ಸುಳ್ಳು ಹೇಳುವವನಲ್ಲ. ಹೂಂ ಅನ್ನುವುದು ಎಷ್ಟು ಸುಲಭವಾಗಿತ್ತು.

"ಹಾಗಾದರೆ ನಾನೂ ಬರ್ತೀನಿ," ಅಂದೆ. "ನಿನ್ನ ಹಿಂದಿನ ಸೀಟಿನಲ್ಲಿ ಕೂರ್ತೀನಿ. ಅತ್ತಿಗೆಯನ್ನೂ ಕರ್ಕೊಂಡು ಬರ್ತೀನಿ."

ಅವನು ನನ್ನನ್ನು ದಿಟ್ಟಿಸಿದ. ಹೊಡೆಯುತ್ತಾನೇನೋ ಅಂದುಕೊಂಡೆ. ಯಾವತ್ತೂ ಹೊಡೆದವನಲ್ಲ.

"ಅವಳನ್ನ ಯಾಕೆ," ಅಂದ ಕೊನೆಗೆ, ತೀರ ಮೆಲ್ಲಗೆ.

ಕೋಲನ್ನು ಬಿಚ್ಚಿ ಚೀಲಕ್ಕೆ ಹಾಕಲು ಹೋದ. ತಿರುಪು ಸಿಗಲಿಲ್ಲ. ನಾನು ಕೈಚಾಚಿದೆ, ಕೊಡಲಿಲ್ಲ. ತಾನೇ ಬಿಚ್ಚಿ, ಮರದ ಶಾಫ್ಟನ್ನು ಚೀಲದಲ್ಲಿಟ್ಟು, ಕಪ್ಪು ಶಾಫ್ಟನ್ನು ಮೇಜಿನ ಮೇಲೆಯೇ ಬಿಟ್ಟ.

ಡಿಪೋಗೆ ನಡೆದೇ ಹೋದೆವು. ದಾರಿಯಲ್ಲಿ ಅವನು ಒಂದೆರಡು ಸಲ ಅಂಗಡಿಯ ಬೋರ್ಡಿನ ಕಡೆಗೋ, ಯಾರದೋ ಮನೆಯ ಕಿಟಕಿಯ ಸರಳಿನ ಕಡೆಗೋ ತಿರುಗಿ, ಕಣ್ಣುಜ್ಜಿಕೊಳ್ಳುವವನ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ. ನಾನು ನೋಡಲಿಲ್ಲ ಎನ್ನುವಂತೆ ನಡೆದೆ. ಪಂದ್ಯಕ್ಕೆ ದರ್ಜಿ ಯಾರ ಜೋಡಿ ಆಡುತ್ತಾರೆ ಎಂಬ ಕೆಲಸಕ್ಕೆ ಬಾರದ ಚಿಂತೆಯೊಂದು ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಗೇಟಿನಲ್ಲಿ ಅವನು ಕಂಬದ ಮುಂದೆ ನಿಂತ. ಅಂಗೈ ಒಂದು ಕಣ್ಣಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ. ಕಾವಲುಗಾರ, "ಏನ್ ಡ್ರೈವರೇ, ನಿನ್ನೆ ತಂಗಿ, ಇವತ್ತು ಅಣ್ಣ. ಕಂಬಕ್ಕೆ ಹೆಣ್ಣು ನೋಡೋಕೆ ಬಂದಿದ್ದೀರಾ?" ಅಂದ.

"ಹುಡುಗ ನೆಟ್ಟಗಿದ್ದಾನೆ. ನಾನೇ ತಪ್ಪು ಹೇಳಿದ್ದೆ," ಅಂದ ಅಣ್ಣ. ಕೋಲಿನ ಚೀಲ ನನ್ನ ಕೈಗೆ ಕೊಟ್ಟು ಆಫೀಸಿನ ಮೆಟ್ಟಿಲು ಹತ್ತಿದ.

ಎಷ್ಟು ಹೊತ್ತು ನಿಂತಿದ್ದೆನೋ. ಒಳಗಿನಿಂದ ಮಾತು ಕೇಳಿಸಲಿಲ್ಲ. ನಾನು ಮಾಡಿದ್ದು ಸರಿಯೇ ಎಂದು ಆಗಲೂ ನನಗೆ ಖಾತ್ರಿಯಿರಲಿಲ್ಲ. ಡಾಕ್ಟರು ನೋಡಿ ಏನೂ ಇಲ್ಲ ಎಂದುಬಿಟ್ಟರೆ? ಇದೆ, ಇದು ಹೀಗೇ ಇರುತ್ತದೆ ಎಂದುಬಿಟ್ಟರೆ? ಚೀಲವನ್ನು ಎದೆಗೆ ಅವಚಿಕೊಂಡು ನಿಂತೆ.

ಅವನು ಹೊರಗೆ ಬಂದಾಗ ಅಂಗಿಯ ಮೇಲೆ ಬಿಲ್ಲೆ ಇರಲಿಲ್ಲ. ಆ ಹೊತ್ತಿಗೇ ಅವನ ಬಸ್ಸು ಶೆಡ್ಡಿನಿಂದ ಹೊರಟಿತು, ಪಕ್ಕದಲ್ಲಿ ಹೊಸ ಕನ್ನಡಿ ಫಳಫಳ ಹೊಳೆಯುತ್ತಿತ್ತು. ಸ್ಟೇರಿಂಗಿನ ಹಿಂದೆ ಬೇರೆ ಯಾರೋ. ಗೇಟಿನ ಕಡೆ ತಿರುಗಿದಾಗ ಅಣ್ಣ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದ.

"ಇನ್ನೂ ಆ ಕಡೆ ತಗೋ," ಅಂದ ಬಸ್ಸಿಗೆ, ಯಾರಿಗೂ ಕೇಳದ ಹಾಗೆ. "ಆ ಕಡೆ ತಗೋ ಮಾರಾಯ, ತಗುಲುತ್ತೆ. ತಗುಲುತ್ತೆ."

ಬಸ್ಸು ಕಂಬಕ್ಕೆ ಒಂದು ತೋಳಿನಷ್ಟು ಜಾಗ ಬಿಟ್ಟು, ಸಲೀಸಾಗಿ, ಹೊರಗೆ ಹೋಯಿತು.

ಅವನ ಹಿಡಿತ ಸಡಿಲವಾಗಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ, ಕಂಬಕ್ಕೂ ಬಸ್ಸಿಗೂ ನಡುವೆ ಇದ್ದ ಆ ಜಾಗವನ್ನು ಅವನು ಎರಡೂ ಕಣ್ಣು ಬಿಟ್ಟುಕೊಂಡು ನೋಡುತ್ತಲೇ ಇದ್ದ.